ಒಂದು ಸೂರು, ನಾಲ್ಕು ಬಾಗಿಲು

ಬೆಳಗಾವಿಯ ಜೋಡಬಾವಿ ಗಲ್ಲಿಯಲ್ಲಿದ್ದ ಬಾಪುಸಾಹೇಬರ ವಾಡೆ ಒಂದು ಕಾಲಕ್ಕೆ ಒಂದೇ ಮನೆತನದ ಮನೆ. ಬಾಪುಸಾಹೇಬರ ತಂದೆ ಖಾನಾಪುರದಲ್ಲಿ ಕಟ್ಟಿಗೆ ವ್ಯಾಪಾರ ಹಿಡಿದು ಸಂಸಾರವನ್ನು ಅಲ್ಲಿಗೆ ಒಯ್ದ ಮೇಲೆ ವಾಡೆಗೆ ಬಾಡಿಗೆಯವರು ಬಂದರು. ಊರಿಗೆ ಜನ ಬರುತ್ತಲೇ ಇದ್ದರು. ಮನೆಗಳು ಮಾತ್ರ ಇದ್ದಷ್ಟೇ ಇದ್ದವು. ಪಡಸಾಲೆಗೆ ಹಲಗೆ ಬಡಿದು ಎರಡು ಮಾಡಿದರು, ಎರಡನ್ನು ನಾಲ್ಕು ಮಾಡಿದರು. ದನ ಕಟ್ಟುವ ಜಾಗದಲ್ಲಿ ಒಲೆ ಹೂಡಿದರು. ಕಡೆಗೆ ಮಾಳಿಗೆಯ ಮೆಟ್ಟಿಲ ಕೆಳಗೂ ಒಂದು ಸಂಸಾರ ಬಂದು ಕುಳಿತಿತು.

ಅಕ್ಕಾತಾಯಿ ಇದ್ದದ್ದು ಎಲ್ಲಕ್ಕಿಂತ ಒಳಗಿನ ಕೋಣೆಯಲ್ಲಿ. ಅದು ಹಿಂದೆ ಕಾಳು ತುಂಬುವ ಕೋಣೆ. ಕಾಳಿಗೆ ಕಿಟಕಿ ಯಾಕೆಂದು ಕಟ್ಟಿದವರು ಕಿಟಕಿ ಇಟ್ಟಿರಲಿಲ್ಲ. ಇನ್‌ಫ್ಲುಯೆಂಜಾ ಬಂದ ವರ್ಷ ಅವಳ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಅತ್ತೆ ಶಾಂತಮ್ಮನನ್ನು ಕಟ್ಟಿಕೊಂಡು, ಸೈನಿಕರ ಕ್ಯಾಂಪಿನ ದರ್ಜಿಯೊಬ್ಬನ ಅಂಗಡಿಗೆ ಅಂಗಿ ಹೊಲಿದುಕೊಟ್ಟು ಬದುಕುತ್ತಿದ್ದಳು. ಹೊಲಿಗೆಗೆ ಬೆಳಕು ಬೇಕು. ಬೆಳಗ್ಗೆ ಒಬ್ಬರ ಹೊಸ್ತಿಲು, ಮಧ್ಯಾಹ್ನ ಇನ್ನೊಬ್ಬರ ಕಟ್ಟೆ, ಹೀಗೆ ಬಿಸಿಲು ಸರಿದ ಕಡೆಗೆ ಬಟ್ಟೆಯ ಗಂಟು ಹೊತ್ತು ಅವಳೂ ಸರಿಯುತ್ತಿದ್ದಳು. ಶಾಂತಮ್ಮನದು ಬೇರೆಯೇ ಪಜೀತಿ. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಆ ಕೋಣೆಯಲ್ಲಿ ಹೊತ್ತು ಇದೆಯೋ ಮುಳುಗಿತೋ ತಿಳಿಯುತ್ತಲೇ ಇರಲಿಲ್ಲ. "ಹೊತ್ತ ಐತೇನ ನೋಡಿ ಬಾರವಾ" ಎಂದು ಮುದುಕಿ ದಿನಾ ಸಂಜೆ ಸೊಸೆಯನ್ನು ಗಲ್ಲಿಯ ಬಾಯಿಯವರೆಗೆ ಓಡಿಸುತ್ತಿದ್ದಳು.

ಹಲಗೆಯ ಆಚೆ ಕಡೆ ಕಾಶವ್ವನ ಸಂಸಾರ. ಅವಳ ಗಂಡ ಗುರುಪುತ್ರಪ್ಪ ಚಕ್ಕಡಿ ಹೊಡೆಯುತ್ತಿದ್ದ. ಲಿಂಗವಂತರು. ಅವರಿಗೆ ಕಾಂತಾ ಎಂಬ ಸಣ್ಣ ಮಗಳು. ಆ ಕೂಸು ಕೆಮ್ಮಿದರೆ ಈಚೆ ಕಡೆ ಅಕ್ಕಾತಾಯಿಗೂ ನಿದ್ದೆ ಇಲ್ಲ. "ಈ ಹಲಗಿ ಇದ್ದಷ್ಟೂ ದಿವಸ ನಮ್ಮದು ನಿಮ್ಮದು ಒಂದ ಸಂಸಾರ ನೋಡ್ರಿ" ಎಂದು ಕಾಶವ್ವ ನಗುತ್ತಿದ್ದಳು.

೧೯೨೨ರ ಚಳಿಗಾಲಕ್ಕೆ ಪ್ಲೇಗು ಮತ್ತೆ ಬಂತು. ಬೆಳಗಾವಿಯವರಿಗೆ ಅದು ಹೊಸ ರೋಗವಲ್ಲ. ಜಂತಿಯಿಂದ ಇಲಿ ಸತ್ತು ಬಿತ್ತೆಂದರೆ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಹಾಸಿಗೆ, ಪಾತ್ರೆ ಗಂಟು ಕಟ್ಟಿಕೊಂಡು ಊರ ಹೊರಗಿನ ಬಯಲಿಗೆ ನಡೆಯುವುದು. ವಾಡೆಯ ಜನ ಪ್ರತಿ ಸಲ ಹೋಗುತ್ತಿದ್ದದ್ದು ರೈಲುಹಳಿಯ ಆಚೆ ಬಾಪುಸಾಹೇಬರದೇ ಹೊಲಕ್ಕೆ. ಬಿದಿರು, ತಟ್ಟಿ, ಹುಲ್ಲು ಹಾಕಿ ಗುಡಿಸಲು ಮಾಡಿಕೊಂಡು ಕೆಲವು ತಿಂಗಳು ಇರುವುದು, ರೋಗ ಇಳಿದ ಮೇಲೆ ಮತ್ತೆ ಆ ಕತ್ತಲೆಗೆ ತಿರುಗುವುದು. ಆ ವರ್ಷ ಮೆಟ್ಟಿಲ ಕೆಳಗಿನ ಗಂಡ ಹೆಂಡತಿ ಬಯಲಿಗೆ ಬರಲೇ ಇಲ್ಲ. ಗಂಟು ಕಟ್ಟುವ ಮೊದಲೇ ಅವರಿಗೆ ಜ್ವರ ಬಂದಿತ್ತು.

ಬಯಲಿನಲ್ಲಿ ಚಳಿ ಕಡಿಯುತ್ತಿತ್ತು. ನೀರು ದೂರ. ಆದರೂ ಗುಡಿಸಲ ಮುಂದೆ ಕುಳಿತು ಅಕ್ಕಾತಾಯಿ ಬೆಳಗಿನಿಂದ ಸಂಜೆಯವರೆಗೆ ಎಲ್ಲಿಯೂ ಏಳದೆ ಹೊಲಿದಳು. ಸಂಕ್ರಾಂತಿಯ ಹೊತ್ತಿಗೆ ಒಂದು ದಿನ ಕಾಶವ್ವ ಓಡುತ್ತ ಬಂದಳು.

"ಅಕ್ಕಾತಾಯಿ, ನಮ್ಮ ಕಾಂತಾ ಕೆಮ್ಮೂದ ಬಿಟ್ಟಾಳ. ನಿನ್ನಿ ನನಗ ಲಕ್ಷ್ಯಕ್ಕ ಬಂತು. ಎಂದ ಬಿಟ್ಟಾಳೋ ಏನೋ!"

ಅಕ್ಕಾತಾಯಿ ಸೂಜಿ ನಿಲ್ಲಿಸಿದಳು. ಕೂಸು ಮಣ್ಣಲ್ಲಿ ಕುಳಿತು ಕಲ್ಲು ಜೋಡಿಸುತ್ತಿತ್ತು. ಅದನ್ನೇ ನೋಡುತ್ತ ಅವಳು ಹೇಳಿದಳು: "ಕಾಶವ್ವಾ, ಈ ಸಲ ನಾ ತಿರುಗಿ ಹೋಗಾಂಗಿಲ್ಲ."

"ಎಲ್ಲಿಗೆ?"

"ವಾಡೇಕ."

ಶಾಂತಮ್ಮ ಒಳಗಿನಿಂದಲೇ ಕೂಗಿದಳು: "ಇಲ್ಲಿ ಬಸದಿ ಇಲ್ಲ, ಏನಿಲ್ಲ! ದೇವರ ದರ್ಶನ ಆಗದ ನಾ ನೀರೂ ಕುಡ್ಯಾಂಗಿಲ್ಲ. ಈ ವಯಸ್ಸಿನಾಗ ದಿನಾ ಹಳಿ ದಾಟಿ ಹೋಗಂತೀ ಏನು?"

ಅಕ್ಕಾತಾಯಿ ಸೂಜಿಗೆ ಮತ್ತೆ ದಾರ ಪೋಣಿಸಿದಳು.

ರೋಗ ಇಳಿಯುತ್ತ ಬಂದಾಗ ಹೊಲಕ್ಕೆ ಮುನ್ಸಿಪಾಲಿಟಿಯ ಜನ ಬಂದರು. ಸರಪಳಿ ಎಳೆದು ಅಳೆದರು, ಗೂಟ ಬಡಿದರು. ಅವರ ಮೇಲ್ವಿಚಾರಕ ಧನ್ಯಕುಮಾರ. ಪುಣೆಯಲ್ಲಿ ಓವರ್‌ಸಿಯರ್ ಪರೀಕ್ಷೆ ಮುಗಿಸಿ ಬಂದ ಹುಡುಗ. ಬಸದಿಯಲ್ಲಿ ನೋಡಿ ಅಕ್ಕಾತಾಯಿಗೆ ಪರಿಚಯ. ಅವಳು ನೇರವಾಗಿ ಅವನ ಹತ್ತಿರ ಹೋದಳು.

"ಏನ್ ನಡಸೀಯಪಾ ಇಲ್ಲಿ?"

"ಹೊಸ ಬಡಾವಣಿ, ಅಕ್ಕಾರ. ಊರಿಗೆ ಉಸರ ಕಟ್ಟೇತಿ. ಇಲ್ಲಿ ಅಗಲ ರಸ್ತೆ, ಗಿಡ, ಗಟಾರ ಎಲ್ಲಾ ಬರ್ತಾವು. ನಿಮ್ಮ ಗಲ್ಲೀನೂ ಅಗಲ ಮಾಡ್ತಾರ. ವಾಡೇದ ಮುಂದಿನ ಅರ್ಧಾ ಕೆಡವೂದು ಠರಾವ ಆಗೇತಿ."

"ಆ ಅರ್ಧದಾಗ ಇದ್ದ ಮಂದಿ?"

"ಇಲ್ಲಿಗೆ ಬರಬಹುದಲ್ರಿ."

"ಇಲ್ಲಿಗೆ ಅಂದ್ರ ಎಲ್ಲಿಗೆ? ತೋರಸು."

ಧನ್ಯಕುಮಾರ ಗುರುಪುತ್ರಪ್ಪನ ಚಕ್ಕಡಿಯ ಮೇಲೆ ನಕಾಶೆ ಬಿಚ್ಚಿದ. ಚೌಕ ಚೌಕ ದೊಡ್ಡ ದೊಡ್ಡ ಜಾಗಗಳು. ಒಂದು ಜಾಗದಲ್ಲಿ ಒಂದೇ ಮನೆ. ಮೂರು ಪಾಲಿನಲ್ಲಿ ಎರಡು ಪಾಲು ಬಯಲಾಗಿ ಬಿಡಬೇಕು. ಹಂಚಿನ ಸೂರು, ಗಟ್ಟಿ ಗೋಡೆ. ಹವೆ ಬೆಳಕು ಚೆನ್ನಾಗಿ ಬರಲಿ ಎಂದು ಈ ಕಾಯ್ದೆ.

"ಇಷ್ಟಿಷ್ಟ ದೊಡ್ಡ ಜಾಗಾ ಯಾರು ತಗೋತಾರ?"

"ವಕೀಲರು, ಡಾಕ್ಟರು, ಪ್ಯಾಟಿ ಸಾವಕಾರರು..."

"ಹವಾ ಬೆಳಕು ಅವರಿಗಷ್ಟ ಬೇಕೇನು?"

ಧನ್ಯಕುಮಾರ ನಕಾಶೆ ಸುತ್ತಿದ. ಅವನಿಗೆ ಸಿಟ್ಟು ಬರಲಿಲ್ಲ, ಮುಜುಗರವಾಯಿತು. "ಕಾಯ್ದೆ ಕೆಟ್ಟ ಮನಸ್ಸಿಲೆ ಮಾಡಿಲ್ಲ, ಅಕ್ಕಾರ" ಎಂದಷ್ಟೇ ಹೇಳಿದ.

ಮರುದಿನ ಅವನು ಬಂದಾಗ ಅಕ್ಕಾತಾಯಿ ಗೂಟದ ಹತ್ತಿರವೇ ಕಾಯುತ್ತಿದ್ದಳು. "ಒಂದ ಮಾತು ಕೇಳ್ತೀನಿ. ನಿನ್ನ ಕಾಯ್ದೆ ಒಂದು ಮನಿ ಅಂತೈತೋ, ಒಂದು ಸಂಸಾರ ಅಂತೈತೋ?"

ಅವನು ಅಲ್ಲೇ ಕುಕ್ಕುರುಗಾಲಲ್ಲಿ ಕುಳಿತು, ಗೂಟದ ಮೊನೆಯಿಂದ ನೆಲದಲ್ಲಿ ಒಂದು ಚೌಕ ಎಳೆದ. ನಡುವೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ.

"ಒಂದು ಮನಿ ಅಂತೈತಿ. ಒಂದು ಸೂರಿನ ಮನಿ. ಒಳಗ ಹಿಂಗ ಎರಡು ಗ್ವಾಡಿ ಹಾಕಿದ್ರ ನಾಕು ಮೂಲಿಗೆ ನಾಕು ಮನಿ. ಎಲ್ಲಾರಿಗೂ ಎರಡೆರಡು ಕಡೆ ಹೊರಗಿನ ಗ್ವಾಡಿ ಸಿಗ್ತಾವು. ಎರಡು ಕಡೆ ಕಿಟಕಿ." ಅವನ ದನಿಯಲ್ಲಿ ಉತ್ಸಾಹ ಏರುತ್ತಿತ್ತು. "ಬಯಲು ಎಷ್ಟು ಬಿಡಬೇಕೋ ಅಷ್ಟೂ ಬಿಡಬಹುದು ಅಕ್ಕಾರ. ಒಂದು ಬಾವಿ ನಾಕೂ ಮನಿಗೆ."

"ಹಂಗಾದ್ರ ಇದನ್ನ ಕಾಗದದ ಮ್ಯಾಲೆ ಬರಿ. ಜಾಗಾ ನಾ ತರ್ತೀನಿ."

ಜಾಗ ತರುವುದೆಂದರೆ ಖಾನಾಪುರಕ್ಕೆ ಹೋಗುವುದು. ಹೊಲದ ಬದಲಿಗೆ ಬಡಾವಣೆಯಲ್ಲಿ ಬಾಪುಸಾಹೇಬರಿಗೆ ಕೆಲವು ಜಾಗಗಳು ಬರುವುದಿತ್ತು. ಅಕ್ಕಾತಾಯಿ, ಕಾಶವ್ವ, ಗುರುಪುತ್ರಪ್ಪ ಮೂವರೂ ಬೆಳಗಿನ ರೈಲು ಹತ್ತಿದರು. ಖಾನಾಪುರದ ಸ್ಟೇಶನ್ನಿಗೆ ಇಳಿದರೆ ಕೊಯ್ದ ಸಾಗವಾನಿಯ ವಾಸನೆ, ಹಂಚಿನ ಭಟ್ಟಿಯ ಹೊಗೆ, ಎಲ್ಲ ಕಡೆ ಮರಾಠಿ ಮಾತು. ಬಾಪುಸಾಹೇಬರು ಕಟ್ಟಿಗೆ ಅಡ್ಡೆಯಲ್ಲಿ ದಿಮ್ಮಿಯೊಂದರ ಮೇಲೆ ಕುಳಿತಿದ್ದರು. ಅರವತ್ತು ದಾಟಿದ ಎತ್ತರದ ಮನುಷ್ಯ. ಎಲ್ಲ ಕೇಳಿಕೊಂಡು ತಲೆ ಅಲ್ಲಾಡಿಸಿದರು.

"ಆ ಜಾಗಾಕ್ಕ ವಕೀಲರು ಕೇಳಾಕ ಬಂದು ಹೋಗ್ಯಾರ, ತಂಗಿ. ನಾ ಯಾಕ ಅಲ್ಲಿ ಬಾಡಿಗಿ ಚಾಳ ಕಟ್ಟಲಿ? ವಾಡೆ ಐತಲ್ಲ. ಹಿಂದಿನ ಅರ್ಧಾ ಉಳೀತೈತಿ, ಹೊಂದಿಕೊಂಡು ಇರ್ರಿ."

ಗುರುಪುತ್ರಪ್ಪ ಕೈಮುಗಿದು ಏಳಲು ನೋಡಿದ. ಅಕ್ಕಾತಾಯಿ ಏಳಲಿಲ್ಲ.

"ಸಾಹೇಬ್ರ, ನೀವು ವಾಡೇಕ ಬಂದು ಎಷ್ಟು ದಿವಸ ಆತು?"

"ಬಹಳ ವರ್ಷ ಆತು. ಬಾಡಿಗಿ ವಸೂಲಿಗೆ ಮನಷ್ಯಾ ಬರ್ತಾನಲ್ಲ."

"ನಾ ಜಾಗಾ ಕೇಳೂದಿಲ್ರಿ. ಒಂದು ದಿವಸ ಬರ್ರಿ. ನಿಮ್ಮ ಮನಿಯಾಗ ನನ್ನ ಕೈಯಾನ ಊಟಾ ಮಾಡ್ರಿ. ಆಮ್ಯಾಲೆ ನೀವು ಹೆಂಗ ಹೇಳ್ತೀರಿ ಹಂಗ."

"ಊಟಕ್ಕ ಕರ್ಯಾಕ ಇಲ್ಲಿತನಕಾ ಬಂದೀರೇನು?"

"ಹೌದ್ರಿ."

ಬಾಪುಸಾಹೇಬರು ನಕ್ಕರು. ಆದರೆ ಊಟದ ಆಮಂತ್ರಣಕ್ಕೆ ಇಲ್ಲವೆನ್ನಲು ಅವರಿಂದ ಆಗಲಿಲ್ಲ.

ಮುಂದಿನ ವಾರ ಬಂದರು. ರೋಗ ನಿಂತಿತ್ತು, ಅರ್ಧ ಜನ ವಾಡೆಗೆ ತಿರುಗಿ ಹೋಗಿದ್ದರು. ಅಕ್ಕಾತಾಯಿ ಅತ್ತೆಯನ್ನು ಕರೆದುಕೊಂಡು ಆ ಒಂದು ದಿನದ ಅಡಿಗೆಗೆಂದೇ ಹಳೆಯ ಕೋಣೆಗೆ ಬಂದಿದ್ದಳು. ಬಾಪುಸಾಹೇಬರು ಗಲ್ಲಿಯಲ್ಲಿ ಗತ್ತಿನಿಂದ ನಡೆದು ಬಂದವರು ವಾಡೆಯ ಬಾಗಿಲಲ್ಲಿ ತಡವರಿಸಿದರು. ಪಡಸಾಲೆ ಎಲ್ಲಿ ಹೋಯಿತೆಂದು ಅವರಿಗೆ ತಿಳಿಯಲಿಲ್ಲ. ಹಲಗೆ, ಗೋಣಿ, ತಟ್ಟಿಗಳ ನಡುವೆ ಮೈ ಓರೆ ಮಾಡಿಕೊಂಡು ಸಾಗಬೇಕಾಯಿತು. ಒಂದು ಹಲಗೆಯ ಹಿಂದಿನಿಂದ ಯಾರೋ ನರಳಿದರು, ಇನ್ನೊಂದರ ಹಿಂದೆ ಸಾರು ಕುದಿಯುತ್ತಿತ್ತು.

"ಇಲ್ಲಿ ತೊಟ್ಟಿಲಾ ಕಟ್ಟತಿದ್ರು" ಎಂದು ಅವರು ಒಂದು ತೊಲೆಯ ಮೇಲೆ ಕೈ ಇಟ್ಟರು. "ನನ್ನ ತಂಗಿ ತೊಟ್ಟಿಲಾ."

ಕಾಳಿನ ಕೋಣೆಯಲ್ಲಿ ಶಾಂತಮ್ಮ ಎಲೆ ಹಾಕಿದಳು. ಬಾಪುಸಾಹೇಬರು ಕುಳಿತು ಎಲೆಯನ್ನು ಹುಡುಕಿದರು. "ತಂಗಿ, ದೀಪಾ ಹಚ್ಚವಾ."

"ಮಧ್ಯಾಹ್ನ ಐತ್ರಿ" ಎಂದಳು ಅಕ್ಕಾತಾಯಿ.

"ಏನೂ ಕಾಣವೊಲ್ಲದು."

ಅವಳು ದೀಪ ಹಚ್ಚಿದಳು. ಬಾಪುಸಾಹೇಬರು ಉಂಡದ್ದು ಎರಡು ತುತ್ತು. ಶೆಖೆಗೆ ಬೆವರು ಗದ್ದದಿಂದ ಎಲೆಗೆ ಇಳಿಯುತ್ತಿತ್ತು. ಶಾಂತಮ್ಮ, "ಮೆಟ್ಟಲ ಕೆಳಗಿನ ಗಂಡಾ ಹೆಂಡ್ತಿ ಇಬ್ಬರೂ ಹೋಗಿಬಿಟ್ರಪಾ ಈ ವರ್ಷ" ಎಂದಳು, ದೂರು ಹೇಳಿದಂತಲ್ಲ, ಊರ ಸುದ್ದಿ ಹೇಳಿದಂತೆ. ಅವರು ಕೈತೊಳೆದು ಗಲ್ಲಿಗೆ ಬಂದು, ಬಾವಿಯ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಮುಖ ಒರೆಸಿಕೊಂಡರು.

"ಒಂದ ಜಾಗಾ ಕೊಡ್ತೀನಿ" ಎಂದರು ಕಡೆಗೆ. "ಕಟ್ಟಿಗಿ ನಂದು, ಹಂಚು ನಂದು. ಮೈಮುರದು ದುಡ್ಯಾವರು ನೀವು. ಬಾಡಿಗಿ ಈಗ ಹೆಂಗೈತಿ ಹಂಗ. ಆದ್ರ ಸರಕಾರದವರು ತಡದ್ರ ನಾ ಜಗಳಾಕ್ಕ ಬರಾಂಗಿಲ್ಲ. ನನ್ನ ಕಟ್ಟಿಗಿ ನಾ ತಿರುಗಿ ಒಯ್ತೀನಿ."

"ಆತ್ರಿ" ಎಂದಳು ಅಕ್ಕಾತಾಯಿ.

ನಾಲ್ಕು ಸಂಸಾರ ಮುಂದೆ ಬಂದವು. ಅಕ್ಕಾತಾಯಿ ಮತ್ತು ಅತ್ತೆ, ಕಾಶವ್ವನವರು, ಗೌಂಡಿ ಕೆಲಸದ ದುಂಡಪ್ಪನವರು, ಕಾಯಿಪಲ್ಯ ಮಾರುವ ಸಾತವ್ವ ಮತ್ತು ಅವಳ ಇಬ್ಬರು ಅಕ್ಕಂದಿರು. ಯುಗಾದಿಯ ಮರುದಿನ ಪಾಯ ಅಗೆದರು. ಗುರುಪುತ್ರಪ್ಪ ಖಾನಾಪುರದಿಂದ ಚಕ್ಕಡಿಯಲ್ಲಿ ಕಟ್ಟಿಗೆ, ಹಂಚು ಹೇರಿಕೊಂಡು ಬಂದ. ಹೆಂಗಸರು ಮಣ್ಣು ತುಳಿದರು, ಇಟ್ಟಿಗೆ ಹೊತ್ತರು. ದುಂಡಪ್ಪ ಬೇರೆಯವರ ಮನೆ ಕಟ್ಟುವ ಕೂಲಿ ಮುಗಿಸಿ ಬಂದು ಇಲ್ಲಿ ಗೋಡೆ ಏರಿಸುತ್ತಿದ್ದ. ಅಕ್ಕಾತಾಯಿಯ ಬೆರಳುಗಳು ಒರಟಾಗಿ ಸೂಜಿ ಹಿಡಿಯದಂತಾದವು. ದರ್ಜಿ ಎರಡು ಸಲ ಅಂಗಿ ತಿರುಗಿ ಕೊಟ್ಟ. ಅವಳು ಮತ್ತೆ ಹೊಲಿದುಕೊಟ್ಟು, ಮತ್ತೆ ಮಣ್ಣಿಗಿಳಿದಳು.

ಗೋಡೆ ಸೂರಿನ ಮಟ್ಟಕ್ಕೆ ಏರಿದಾಗ ಬಾಜು ಜಾಗದ ವಕೀಲರು ಬಂದು ನೋಡಿದರು. ಒಂದೇ ಮನೆಗೆ ನಾಲ್ಕು ಬಾಗಿಲು ಯಾಕೆಂದು ಕೇಳಿದರು. ಸಾತವ್ವ ಹೆಮ್ಮೆಯಿಂದ ಎಲ್ಲ ವಿವರಿಸಿದಳು. ಕೆಲಸ ನಿಲ್ಲಿಸಬೇಕೆಂದು ಎರಡು ದಿನದ ಮೇಲೆ ಹುಕುಂ ಬಂತು.

ನಿಲ್ಲಿಸಿದವರು ಬಡಾವಣೆಯ ಯೋಜನೆ ಮಾಡಿದ ಇಂಜಿನಿಯರ್ ಸಾಹೇಬರು. ಧಾರವಾಡದ ಕಡೆಯವರು, ಇಂಗ್ಲೆಂಡಿನ ಲೀಡ್ಸ್ ಎಂಬ ಊರಲ್ಲಿ ಎರಡು ವರ್ಷ ಓದಿ ಬಂದವರು. ಅವರು ಧನ್ಯಕುಮಾರನನ್ನು ಕರೆಸಿ ನಕಾಶೆಯನ್ನು ಮೇಜಿನ ಮೇಲೆ ಎಸೆದರಂತೆ. "ಒಂದು ಮನಿ ಅಂತ ಬರದು ನನ್ನ ಸಹಿ ತಗೊಂಡೀ. ಇದು ಒಂದು ಮನಿಯೇನು?" ಧನ್ಯಕುಮಾರ, "ನಿಮಗ ಮೊದಲ ಬಿಡಿಸಿ ಹೇಳಬೇಕಾಗಿತ್ತು, ತಪ್ಪಾತು. ಆದ್ರ ನಕಾಶೆ ತಪ್ಪಲ್ಲ ಸರ್" ಎಂದ. ಅವನ ಕೆಲಸದ ಮೇಲೆ ತೂಗುಗತ್ತಿ ನೇತಾಡತೊಡಗಿತು.

ಬಯಲಿನಲ್ಲಿ ಗಾಳಿ ತಿರುಗಿತ್ತು. ಪಡುವಣದಿಂದ ಮೋಡ ಏಳುತ್ತಿದ್ದವು. ವಾಡೆಯ ಮುಂದಿನ ಅರ್ಧ ಆಗಲೇ ನೆಲಕ್ಕೆ ಬಿದ್ದಿತ್ತು, ಉಳಿದ ಅರ್ಧದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಪುಸಾಹೇಬರು ಕಟ್ಟಿಗೆ ಒಯ್ಯಲು ಮನುಷ್ಯನನ್ನು ಕಳಿಸುವುದಾಗಿ ಹೇಳಿಕಳಿಸಿದರು. ಗುರುಪುತ್ರಪ್ಪ ಕ್ಯಾಂಪಿನ ಹಿಂದೆ ಒಂದು ಹಳೆಯ ಕುದುರೆ ಲಾಯದಲ್ಲಿ ಮೂಲೆ ನೋಡಿಕೊಂಡು ಬಂದ.

"ಮಳಿ ಬಂದ್ರ ಗುಡಸಲಾ ತಡ್ಯಾಂಗಿಲ್ಲ. ಇನ್ನ ಸಾಕು, ನಡಿ" ಎಂದ ಹೆಂಡತಿಗೆ.

"ಲಾಯದಾಗ ಕಿಟಕಿ ಐತೇನು?"

"ಕುದರಿ ಇದ್ದ ಜಾಗಾ ಅದು. ಕಿಟಕಿ ಎಲ್ಲಿಂದ ತರಲಿ?"

"ಹಂಗಾದ್ರ ನೀ ಹೋಗು. ನಾನು ಕೂಸು ಇಲ್ಲೇ ಇರ್ತೀವಿ" ಎಂದಳು ಕಾಶವ್ವ. ಗುರುಪುತ್ರಪ್ಪ ಸಿಟ್ಟಿನಿಂದ ಚಕ್ಕಡಿ ಕಟ್ಟಿಕೊಂಡು ಹೋದವನು ಸಂಜೆಗೆ ಗುಡಿಸಲಿಗೆ ಹೊದಿಸಲು ಹುಲ್ಲು ಹೇರಿಕೊಂಡು ತಿರುಗಿ ಬಂದ.

ತಕರಾರು ಇದ್ದವರು ಮುನ್ಸಿಪಾಲಿಟಿಯ ಸಭೆಗೆ ಬಂದು ಹೇಳಬಹುದೆಂದು ಒಂದು ದಿನ ಗೊತ್ತುಮಾಡಿದ್ದರು. ನಾಲ್ಕೂ ಸಂಸಾರದವರು ಹೋದರು. ವಕೀಲರು ಮೊದಲು ಮಾತಾಡಿದರು: ನಾಲ್ಕು ಸಂಸಾರ ಒಂದು ಕಡೆ ಬಂದರೆ ಗಲೀಜು, ಗದ್ದಲ, ಗಲ್ಲಿಯನ್ನೇ ಬಯಲಿಗೆ ತಂದಂತೆ. ಕೆಲವರು ತಲೆ ಆಡಿಸಿದರು. ಇಂಜಿನಿಯರ್ ಸಾಹೇಬರು ಎದ್ದರು. ಅವರ ಮಾತಿನಲ್ಲಿ ತಾತ್ಸಾರ ಇರಲಿಲ್ಲ. ಎದುರು ಮಾತಾಡುವವರಿಗೆ ಅದೇ ಹೆಚ್ಚು ಕಷ್ಟವಾಯಿತು.

"ನನಗ ಬಡವರ ಮ್ಯಾಲೆ ಸಿಟ್ಟಿಲ್ಲ. ಲೀಡ್ಸಿನಾಗ ನಾ ಕಣ್ಣಾರೆ ನೋಡೇನಿ. ಗಿರಣಿ ಕೂಲಿಕಾರರಿಗೆ ಬೆನ್ನಿಗೆ ಬೆನ್ನು ಹಚ್ಚಿ ಸಾಲಿಗಟ್ಟಲೆ ಮನಿ ಕಟ್ಟ್ಯಾರ. ಮೂರು ಕಡೆ ಗ್ವಾಡಿ, ಒಂದ ಕಡೆ ಬಾಗಲಾ. ಒಂದು ಮನಿಗೆ ಕ್ಷಯ ಬಂತಂದ್ರ ಸಾಲಿಗೆ ಸಾಲ ಮಲಗ್ತೈತಿ. ಆ ತಪ್ಪು ತಿದ್ದಾಕ ಅವರು ಇವತ್ತಿಗೂ ಒದ್ದಾಡಾಕತ್ತಾರ. ಅದನ್ನ ನಾ ಬೆಳಗಾವಿಗೆ ತರಾಕ ಬಿಡಾಂಗಿಲ್ಲ."

ಅಕ್ಕಾತಾಯಿ ಸೆರಗು ಸರಿಮಾಡಿಕೊಂಡು ನಿಂತಳು. ಗಂಡಸರ ಸಭೆಯಲ್ಲಿ ಅವಳು ಎಂದೂ ಮಾತಾಡಿದವಳಲ್ಲ.

"ಸಾಹೇಬ್ರ, ನೀವು ಹೇಳಿದಂಥಾ ಮನಿಯಾಗ ನಾ ಮದುವಿಯಾಗಿ ಬಂದಾಗಿಂದ ಇದ್ದೀನಿ. ನಮ್ಮ ಮನಿಯವರು ಅಲ್ಲೇ ಹೋದ್ರು. ಹಂಥಾ ಮನಿ ಮತ್ತ ಕಟ್ಟಾಕ ನಾ ಯಾಕ ಮಣ್ಣ ಹೊರಲಿ? ಗಲ್ಲಿ ಅಗಲ ಮಾಡೂದು ಛಲೋನ. ಆದ್ರ ಗಲ್ಲಿ ಅಗಲ ಮಾಡಿ ಮಂದೀನ್ನ ಎಲ್ಲಿ ಇಡ್ತೀರಿ? ಅವರು ಇನ್ನೊಂದು ಗಲ್ಲಿಗೆ ಹೋಗಿ ಅಲ್ಲಿ ಹಲಗಿ ಬಡೀತಾರ. ನೀವು ಬಂದು ನಮ್ಮ ಗ್ವಾಡಿ ಒಳಗ ನಿಂತು ನೋಡ್ರಿ. ಲೀಡ್ಸಿನ ಮನಿ ಹಂಗ ಐತಿ ಅಂತ ನಿಮಗ ಖರೇ ಅನಿಸಿದ್ರ, ನಾನ ನಿಂತು ಕೆಡವಸ್ತೀನಿ."

ಇಂಜಿನಿಯರ್ ಸಾಹೇಬರು ಅವಳನ್ನು ನೋಡಿದರು. "ನಾಳೆ ಬರ್ತೀನಿ" ಎಂದರು.

ಮರುದಿನ ಬಂದವರು ಪ್ರತಿ ಕೋಣೆಯಲ್ಲೂ ನಿಂತರು, ಕಿಟಕಿಯಿಂದ ಕೈ ಹೊರಚಾಚಿ ಗಾಳಿ ನೋಡಿದರು. ಸೂರು ಇನ್ನೂ ಇರಲಿಲ್ಲ. ತಾವೇ ಹೇಳಿದರು: "ಹಿಂಗ ನಿಂತ್ರ ತಿಳ್ಯಾಂಗಿಲ್ಲ. ಮ್ಯಾಲೆ ಚಾಪಿ ಹೊದಸ್ರಿ. ಹಸಿಹುಲ್ಲಿಗೆ ಬೆಂಕಿ ಹಚ್ಚಿ ಬಾಗಲಾ ಮುಚ್ಚೂಣು. ಕಿಟಕಿಲೆ ಹೊಗಿ ಹೆಂಗ ಹೋಗ್ತೈತಿ ನೋಡೂಣು."

ಗುಡಿಸಲ ಚಾಪೆಗಳನ್ನೇ ಬಿಚ್ಚಿ ತಂದು ಹೊದಿಸಿದರು. ಮೊದಲು ಪಡುವಣದ ಎರಡು ಮನೆ. ಹೊಗೆ ಏಳುತ್ತಲೇ ಒಂದು ಕಿಟಕಿಯಿಂದ ಗಾಳಿ ನುಗ್ಗಿ ಇನ್ನೊಂದರಿಂದ ಅದನ್ನು ಎಳೆದು ಒಯ್ದಿತು. ಮೂರನೆಯದರಲ್ಲಿ ಸ್ವಲ್ಪ ತಡವಾಯಿತು, ಆದರೂ ತಿಳಿಯಾಯಿತು. ಸಾತವ್ವ ಚಪ್ಪಾಳೆ ತಟ್ಟಿದಳು. ನಾಲ್ಕನೆಯದು ಬಡಗಣ-ಮೂಡಣದ ಮೂಲೆ. ಅಲ್ಲಿ ಹೊಗೆ ಎದ್ದದ್ದು ಎದ್ದಂತೆಯೇ ನಿಂತಿತು. ಎಲ್ಲರೂ ಕಾದರು. ಇಂಜಿನಿಯರ್ ಸಾಹೇಬರು ಒಳಗೆ ಹೋಗಿ ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ ಹೊರಬಂದರು.

"ನೋಡಿದ್ರಿ?" ಎಂದರು. ಗೆದ್ದವರ ದನಿಯಲ್ಲ ಅದು. "ಇದ ನನ್ನ ಹೆದರಿಕಿ. ಮೂರು ಪಾಸ್ ಮಾಡ್ತೀನಿ. ಇದರಾಗ ಮನಷ್ಯಾರು ಇರಬಾರದು."

ದುಂಡಪ್ಪ ತಲೆಯ ಮೇಲೆ ಕೈಹೊತ್ತ. ಮೂರು ಮನೆ, ನಾಲ್ಕು ಸಂಸಾರ. ಸಾತವ್ವನ ಅಕ್ಕಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕಾತಾಯಿ ಆ ಮನೆಯ ಒಳಗೆ ಹೋದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ತಲೆ ಎತ್ತಿ, ಹೊಗೆ ಎಲ್ಲಿ ನಿಂತಿದೆಯೆಂದು ನೋಡಿದಳು. ಹೊರಗೆ ಬಂದು ಕೇಳಿದಳು:

"ಧನ್ಯಕುಮಾರ, ಹೊಗಿ ಮ್ಯಾಲೆ ನಿಂತೈತಿ. ಮ್ಯಾಲಿಂದ ಕಳಸಾಕ ಬರಾಂಗಿಲ್ಲೇನು?"

ಧನ್ಯಕುಮಾರ ಉತ್ತರಿಸುವ ಮೊದಲೇ ಇಂಜಿನಿಯರ್ ಸಾಹೇಬರು ಜೇಬಿನಿಂದ ಪೆನ್ಸಿಲ್ ತೆಗೆದಿದ್ದರು. ಇಬ್ಬರೂ ಚಕ್ಕಡಿಯ ಮೇಲೆ ಬಾಗಿ ಬರೆದರು, ಹೊಡೆದು ಹಾಕಿ ಮತ್ತೆ ಬರೆದರು. ನಡುವಿನ ಅಡ್ಡಗೋಡೆಗಳನ್ನು ಸೂರಿಗೆ ಮುಟ್ಟಿಸದೆ ಕೆಳಗೇ ನಿಲ್ಲಿಸುವುದು; ನಡುನೆತ್ತಿಯಲ್ಲಿ ಸೂರನ್ನು ಎತ್ತರಿಸಿ ಸುತ್ತ ಗಾಳಿ ಆಡುವ ಜಾಳಂಧ್ರ ಇಡುವುದು, ಮಳೆ ಒಳಗೆ ಬಾರದಂತೆ ಮೇಲೆ ಸಣ್ಣ ಸೂರು; ಬಡಗಣದ ಗೋಡೆಯಲ್ಲಿ ಕಿಟಕಿಯನ್ನು ದೊಡ್ಡದು ಮಾಡುವುದು.

"ಗ್ವಾಡಿ ಸೂರಿಗೆ ಮುಟ್ಟದಿದ್ರ ಒಬ್ಬರ ಮಾತು ಒಬ್ಬರಿಗೆ ಕೇಳಸ್ತೈತಿ" ಎಂದು ಸಾಹೇಬರು ಎಚ್ಚರಿಸಿದರು.

"ಹಲಗಿ ಹಿಂದ ಬಾಳೇ ಮಾಡಿದವರಿಗೆ ಇದೇನ್ ಹೊಸದೇನ್ರಿ?" ಎಂದಳು ಕಾಶವ್ವ. ಆ ಹೊಗೆಯಲ್ಲೂ ಎಲ್ಲರೂ ನಕ್ಕರು.

ಆದರೆ ಅದರ ಅರ್ಥ, ಕಟ್ಟಿದ್ದನ್ನು ಒಡೆಯಬೇಕು. ದುಂಡಪ್ಪ ಸುತ್ತಿಗೆ ಹಿಡಿದು ನಿಂತನು, ಕೈ ಏಳಲಿಲ್ಲ. ಆ ಗೋಡೆಯ ಇಟ್ಟಿಗೆಯನ್ನೆಲ್ಲ ಅವನೇ ಇಟ್ಟಿದ್ದ. ಅಕ್ಕಾತಾಯಿ ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. "ನಾ ಕೆಡವಸ್ತೀನಿ ಅಂತ ಮಾತು ಕೊಟ್ಟೀನಿ" ಎಂದು ಮೊದಲ ಏಟು ಹಾಕಿದಳು. ಆಮೇಲೆ ದುಂಡಪ್ಪನೂ ಸೇರಿದ.

ಬಾಪುಸಾಹೇಬರ ಮನುಷ್ಯ ಕಟ್ಟಿಗೆ ಒಯ್ಯಲು ಬಂದದ್ದು ಅದೇ ವಾರ. ಒಡೆದ ಗೋಡೆ, ಅದರ ಪಕ್ಕ ಏರುತ್ತಿದ್ದ ಹೊಸ ಗೋಡೆ ಎರಡನ್ನೂ ನೋಡಿ ಗೊಂದಲಗೊಂಡು ಖಾನಾಪುರಕ್ಕೆ ತಿರುಗಿದ. ನಾಲ್ಕು ದಿನದಲ್ಲಿ ಅಲ್ಲಿಂದ ನಡುನೆತ್ತಿಗೆ ಬೇಕಾದ ಉದ್ದ ತೊಲೆಗಳು ಬಂದವು.

ಮಳೆ ಕಾಯಲಿಲ್ಲ. ಅರ್ಧ ಹಂಚು ಹೊದಿಸಿದಾಗ ಹಿಡಿದುಕೊಂಡಿತು. ಒಂದು ಮೂಲೆಯ ಗೋಡೆ ನೆನೆದು ಜರಿಯಿತು, ಮತ್ತೆ ಏರಿಸಿದರು. ಕಾಂತಾಗೆ ಜ್ವರ ಬಂದು ಕಾಶವ್ವ ಮೂರು ದಿನ ಅತ್ತಳು, ಜ್ವರ ಇಳಿಯಿತು. ಶಾಂತಮ್ಮ ಗೊಣಗುತ್ತಲೇ ಹಂಚು ಕೊಡುವ ಸಾಲಿನಲ್ಲಿ ನಿಂತು ಕೈಯಿಂದ ಕೈಗೆ ದಾಟಿಸಿದಳು. ಶ್ರಾವಣದಲ್ಲಿ ಇಂಜಿನಿಯರ್ ಸಾಹೇಬರು ಕೊಡೆ ಹಿಡಿದುಕೊಂಡು ಬಂದು ಮತ್ತೆ ಹೊಗೆ ಹಾಕಿಸಿದರು. ನಾಲ್ಕೂ ಮನೆಯ ಹೊಗೆ ನಡುನೆತ್ತಿಗೆ ಏರಿ ಜಾಳಂಧ್ರದಿಂದ ಮಳೆಯೊಳಗೆ ಕರಗಿತು. ಅವರು ಕೊಡೆಯಿಂದ ಹೊರಗೆ ಬಂದು ನೆನೆಯುತ್ತ ನಿಂತು ಅದನ್ನೇ ನೋಡಿದರು. ಧನ್ಯಕುಮಾರನಿಗೆ, "ಮುಂದಿನ ನಕಾಶೆ ಬರಿಯೂಮುಂದ ಮೊದಲ ನನಗ ತೋರಸು" ಎಂದರು. ಅವನ ಕೆಲಸ ಉಳಿದದ್ದು ಹೀಗೆ ತಿಳಿಯಿತು.

ಆ ಬಡಗಣ-ಮೂಡಣದ ಮನೆಯನ್ನು ಯಾರು ತೆಗೆದುಕೊಳ್ಳಬೇಕೆಂಬ ಮಾತು ಬಂದಾಗ ಎಲ್ಲರೂ ಸುಮ್ಮನಿದ್ದರು. ಅಕ್ಕಾತಾಯಿ ಹೋಗಿ ತನ್ನ ಬಟ್ಟೆಯ ಗಂಟನ್ನು ಅಲ್ಲಿಟ್ಟಳು. ಬಡಗಣದ ಬೆಳಕು ಕಣ್ಣು ಕುಕ್ಕುವುದಿಲ್ಲ, ಹೊಲಿಗೆಗೆ ಅದೇ ಬೇಕು ಎಂದಳು. ಅದು ನಿಜವೂ ಆಗಿತ್ತು.

ಎಲ್ಲರಿಗೂ ಒಳ್ಳೆಯದಾಯಿತೆಂದು ಹೇಳಲಾಗುವುದಿಲ್ಲ. ವಾಡೆಯ ಮುಂದಿನ ಅರ್ಧದಲ್ಲಿದ್ದ ಭೀಮಕ್ಕನ ಸಂಸಾರ ಹುಬ್ಬಳ್ಳಿಗೆ ಹೋಯಿತು, ಆಮೇಲೆ ಸುದ್ದಿಯೇ ಇಲ್ಲ. ಕೆಲವರು ಅಕ್ಕ ಪಕ್ಕದ ಗಲ್ಲಿಗಳಲ್ಲಿ ಹಲಗೆ ಬಡಿದುಕೊಂಡರು. ಶಾಂತಮ್ಮ ದಿನಾ ಬೆಳಗ್ಗೆ ಹಳಿ ದಾಟಿ ಬಸದಿಗೆ ಹೋಗಿ ಬಂದು, ಕಾಲು ನೋಯುತ್ತದೆಂದು ಸೊಸೆಯನ್ನು ಬೈದು, ಆಮೇಲೆ ಕಿಟಕಿಯ ಕೆಳಗೆ ಕುಳಿತು ನಿದ್ದೆ ಹೊಡೆಯುತ್ತಿದ್ದಳು. ವಕೀಲರು ತಮ್ಮ ಕಂಪೌಂಡ್ ಗೋಡೆಯನ್ನು ಎತ್ತರ ಮಾಡಿಸಿದರು.

ಆದರೆ ದೀಪಾವಳಿಯ ಹೊತ್ತಿಗೆ ಬಡಾವಣೆಯ ನಕಾಶೆ ಬದಲಾಯಿತು. ಪಡುವಣ ಅಂಚಿನ ಒಂದು ಸಾಲು ಜಾಗಗಳನ್ನು ಇಂಥ ನಾಲ್ಕು ಬಾಗಿಲಿನ ಮನೆಗಳಿಗೆಂದು ಇಂಜಿನಿಯರ್ ಸಾಹೇಬರೇ ಗುರುತು ಹಾಕಿದರು. ಅದರಲ್ಲಿ ಎರಡು ಬಾಪುಸಾಹೇಬರವು. ಈ ಸಲ ಅವರೇ ರೈಲಿನಲ್ಲಿ ಬಂದು, "ಮಳಿಗಿಂತ ಮೊದಲ ಮುಗಸ್ರಿ, ಹ್ವಾದ ವರ್ಷದ ಗತಿ ಬ್ಯಾಡ" ಎಂದು ಗದರಿಸಿ ಹೋದರು.

ಚಳಿಗಾಲದ ಒಂದು ಬೆಳಗ್ಗೆ ಎರಡನೆಯ ಮನೆಯ ಪಾಯಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಜೋಡಬಾವಿ ಗಲ್ಲಿಯಿಂದ ಬಂದ ಹೊಸ ಸಂಸಾರದವರು ಗುದ್ದಲಿ ಹಿಡಿದು ಕಾಯುತ್ತಿದ್ದರು. ಧನ್ಯಕುಮಾರ ಬಂದು, ವಕೀಲರು ಈ ಸಾಲಿನ ಮೇಲೂ ತಕರಾರು ಹಾಕಿದ್ದಾರೆಂದು ತಿಳಿಸಿದ. ಹೊಸಬರು ಗುದ್ದಲಿ ಕೆಳಗಿಟ್ಟರು.

"ಯಾವತ್ತ ಐತಿ ಸಭಾ?" ಎಂದು ಕೇಳಿದಳು ಅಕ್ಕಾತಾಯಿ.

"ಮುಂದಿನ ಸೋಮವಾರ, ಅಕ್ಕಾರ."

"ಬರ್ತೀನಿ. ನಿಲ್ಲಸಂತ ಹುಕುಂ ಬಂದೈತೇನು?"

"ಇನ್ನೂ ಇಲ್ಲ."

ಅವಳು ಹೊಸಬರ ಕಡೆ ತಿರುಗಿ, ಸುಣ್ಣದ ಗೆರೆ ತೋರಿಸಿದಳು. "ಹಂಗಾದ್ರ ನಿಂತೀರ್ಯಾಕ? ಅಗೀರಿ. ಆ ಮೂಲಿಂದ ಸುರು ಮಾಡ್ರಿ, ಅಲ್ಲಿ ಮಣ್ಣ ಮೆತ್ತಗೈತಿ."